ಆಳಿಗೊಂದು ಚಿತ್ರ

ಯಮುನಾ ಮೊದಲ ಸಲ ಗೈಡ್ ಆದ ದಿನ ಚಿತ್ರಗಳ ಬಗ್ಗೆ ಹೇಳಿದ್ದಲ್ಲದೆ ಎರಡು ಸಲ ಕೆಮ್ಮಿದಳು ಕೂಡ. ಅವಳಿಗೆ ಕೆಮ್ಮೇನೂ ಇರಲಿಲ್ಲ. ಅದು ಕೀರ್ತಿಕುಮಾರನ ಕೆಮ್ಮು.

ಕೀರ್ತಿಕುಮಾರ ಮಡಿಕೇರಿಯ ಆ ಕಲಾ ಸಂಗ್ರಹಾಲಯದ ಗೈಡು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವನು, ಪಾಪ ಒಳ್ಳೆಯವನು. ಆದರೆ ಮೂರನೆಯ ಚಿತ್ರದ ಮುಂದೆ ‘ವರ್ಣಸಂಯೋಜನೆ’ ಎನ್ನುವ ಮೊದಲೊಮ್ಮೆ, ಹನ್ನೊಂದನೆಯದರ ಮುಂದೆ ‘ಅಮೂರ್ತ’ ಎನ್ನುವ ಮೊದಲೊಮ್ಮೆ ಗಂಟಲು ಸರಿ ಮಾಡಿಕೊಳ್ಳದಿದ್ದರೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ದಿನಕ್ಕೆ ಮೂರು ಸಲದಂತೆ ನಾಲ್ಕು ವರ್ಷ, ನೆಲ ಒರೆಸುತ್ತ, ಕಿಟಕಿಯ ಗಾಜು ತಿಕ್ಕುತ್ತ ಅದನ್ನೇ ಕೇಳಿಸಿಕೊಂಡ ಯಮುನಾಗೆ ಎಲ್ಲವೂ ಕೆಮ್ಮಿನ ಸಮೇತ ಬಾಯಿಪಾಠವಾಗಿತ್ತು.

ಅವತ್ತು ಅವನಿಗೆ ಜ್ವರ. ಗೋಣಿಕೊಪ್ಪಲಿನ ಕಾಲೇಜಿನಿಂದ ನಲವತ್ತು ಹುಡುಗಿಯರು ಬಸ್ಸು ಮಾಡಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದಾರೆ. ಸಂಗ್ರಹಾಲಯ ನೋಡಿಕೊಳ್ಳುವ ಸುಮಿತಾ ಫೋನಿನಲ್ಲಿ, “ಸುಮ್ಮನೆ ಬಾಗಿಲು ತೆಗೆದುಬಿಡು ಯಮುನಾ, ಅವರೇ ನೋಡಿಕೊಂಡು ಹೋಗ್ಲಿ” ಎಂದಳು. ದೂರದಿಂದ ಬಂದ ಮಕ್ಕಳನ್ನು ಹಾಗೇ ಕಳಿಸಲು ಯಮುನಾಗೆ ಮನಸ್ಸು ಬರಲಿಲ್ಲ. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಸೆರಗು ಸರಿ ಮಾಡಿಕೊಂಡು ಶುರು ಹಚ್ಚಿಯೇಬಿಟ್ಟಳು. ಏಳನೆಯ ಚಿತ್ರದವರೆಗೆ ರೈಲು ಹಳಿ ಮೇಲೇ ಇತ್ತು. ಅಲ್ಲಿ ಒಬ್ಬ ಹುಡುಗಿ, “ಈ ಅಜ್ಜಿ ಯಾಕೆ ಬಾಗಿಲ ಕಡೆ ನೋಡ್ತಾ ಇಲ್ಲ?” ಎಂದು ಕೇಳಿದಳು. ಇದು ಪಾಠದಲ್ಲಿ ಇಲ್ಲದ ಪ್ರಶ್ನೆ. ಯಮುನಾ ಚಿತ್ರದ ಕಡೆ ತಿರುಗಿದಳು. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿರುವ ಮುದುಕಿ, ಹಿಂದೆ ಅರ್ಧ ತೆರೆದ ಬೀದಿ ಬಾಗಿಲು.

“ಬರಬೇಕಾದವರು ಇವತ್ತು ಬರೋದಿಲ್ಲ ಅಂತ ಅವಳಿಗೆ ಗೊತ್ತಾಗಿದೆ ಮಗ. ಆದ್ರೆ ಸಾರು ಆಗ್ಬೇಕಲ್ಲ.”

ಹುಡುಗಿಯರು ಚಿತ್ರಕ್ಕೆ ಇನ್ನೂ ಹತ್ತಿರ ಬಂದು ನಿಂತರು. ಅವರ ಮೇಷ್ಟ್ರು ವಾಪಸ್ ಹೋದ ಮೇಲೆ ಸುಮಿತಾ ಮೇಡಂಗೆ ಎರಡು ಪುಟದ ಪತ್ರ ಬರೆದರು. ಅಂದಿನಿಂದ ವಾರಕ್ಕೆರಡು ದಿನ ಕನ್ನಡದ ಗುಂಪುಗಳಿಗೆ ಯಮುನಾಳೇ ಗೈಡು. ಬೆಳಿಗ್ಗೆ ಒಂಬತ್ತಕ್ಕೆ ನೆಲ ಒರೆಸುತ್ತಿದ್ದ ಹೆಂಗಸು ಹನ್ನೊಂದಕ್ಕೆ ಎದೆಗೆ ಬಿಲ್ಲೆ ಚುಚ್ಚಿಕೊಂಡು ಅದೇ ನೆಲದ ಮೇಲೆ ಠೀವಿಯಿಂದ ನಡೆದು ಬರುತ್ತಿದ್ದಳು.

ಅವಳು ಹುಟ್ಟಿದ್ದು ನೆಲ್ಯಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಏಳನೇ ಕ್ಲಾಸು ಮುಗಿಯುತ್ತಲೇ ಅವ್ವ ಲಿಂಗಿಯ ಹಿಂದೆ ಗೋಣಿಚೀಲ ಕಟ್ಟಿಕೊಂಡು ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಕೊಯ್ಯಲು ಹೋದವಳು. ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಶೋಕನನ್ನು ಮದುವೆಯಾಗಿ, ಹೊಳೆ ದಂಡೆಯಲ್ಲಿ ಸ್ವಂತದ್ದೆಂದು ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಳು. ಒಂದು ವರ್ಷದ ಮಳೆಗೆ ಕಾವೇರಿ ಒಳಗೇ ಬಂದು ಕೂತಿತು. ನೀರು ಇಳಿದ ಮೇಲೆ ಉಳಿದದ್ದು ಗೋಡೆ ಮಾತ್ರ. ಗಂಡ ಹೆಂಡತಿ ಮಡಿಕೇರಿಗೆ ಬಂದು ಬಾಡಿಗೆ ಮನೆ ಹಿಡಿದರು, ಅವನಿಗೆ ಪಿಕಪ್ ವ್ಯಾನಿನ ಕೆಲಸ ಸಿಕ್ಕಿತು, ಇವಳಿಗೆ ಸಂಗ್ರಹಾಲಯದಲ್ಲಿ ಗುಡಿಸಿ ಒರೆಸುವ ಕೆಲಸ. ಇದನ್ನೆಲ್ಲ ಅವಳು ಯಾರ ಮುಂದೆಯೂ ಗೋಳಾಡಿಕೊಂಡು ಹೇಳಿದವಳಲ್ಲ. ಕೇಳಿದರೆ, “ಹೊಳೆ ಬಂತು, ನಾವು ಹತ್ತಿಕೊಂಡು ಬಂದ್ವಿ” ಎಂದು ಮುಗಿಸಿಬಿಡುತ್ತಿದ್ದಳು.

ಲಿಂಗಿ ಮಾತ್ರ ಮಗನ ಜೊತೆ ಲೈನಿನಲ್ಲೇ ಉಳಿದಳು. ಎಪ್ಪತ್ತನಾಲ್ಕರ ಮುದುಕಿ, ನಾಲಿಗೆಗೆ ಇನ್ನೂ ವಯಸ್ಸಾಗಿರಲಿಲ್ಲ. ಮಗಳು ಗೈಡ್ ಆದ ಸುದ್ದಿಯನ್ನು ಅವಳು ನಂಬಲೇ ಇಲ್ಲ.

“ಗೋಡೆಗೆ ನೇತು ಹಾಕಿದ್ದು ಕಣ್ಣಿಗೇ ಕಾಣ್ತದಲ್ಲ. ಅದನ್ನ ಬಾಯಲ್ಲಿ ಹೇಳೋಕೆ ಸಂಬಳ ಕೊಡ್ತಾರಾ? ಗುಡಿಸ್ತೇನೆ ಅಂತ ಹೇಳು. ಗುಡಿಸೋದು ಎಂತ ಕಳ್ಳತನವಾ?”

ಈ ಮಾತು ಯಮುನಾಗೆ ನಾಟಿತ್ತು. ಅವ್ವ ನಂಬಲಿಲ್ಲ ಎನ್ನುವುದಕ್ಕಿಂತ, ಲೈನಿನಿಂದ ಒಬ್ಬರೂ ಬಂದು ನೋಡಿಲ್ಲ ಎನ್ನುವುದೇ ಹೆಚ್ಚು. ಸಂಗ್ರಹಾಲಯದ ನೋಟಿಸ್ ಬೋರ್ಡಿನಲ್ಲಿ ವಿಶೇಷ ಕಾರ್ಯಕ್ರಮಗಳಿಗೇನೂ ಬರವಿರಲಿಲ್ಲ. ಶನಿವಾರ ಮಕ್ಕಳಿಗೆ ಮಣ್ಣಿನ ಗೊಂಬೆ ಮಾಡಿಸುವುದು, ಪ್ರವಾಸಿಗಳಿಗೆ ಇಂಗ್ಲಿಷ್ ಟೂರು, ಹಿರಿಯ ನಾಗರಿಕರಿಗೆ ಚಹಾ ಕೂಟ, ಕ್ಲಬ್ಬಿನ ಹೆಂಗಸರಿಗೆ ಉಪನ್ಯಾಸ. ಗೋಡೆಯ ಮೇಲಿನ ಚಿತ್ರಗಳಲ್ಲಿ ಅರ್ಧಕ್ಕರ್ಧ ಎಸ್ಟೇಟಿನವೇ. ಎಸ್ಟೇಟಿನ ಕೆಲಸದವರು ಮಾತ್ರ ಗೋಡೆಯ ಮೇಲಿದ್ದರೇ ಹೊರತು ನೆಲದ ಮೇಲೆ ಕಾಣುತ್ತಿರಲಿಲ್ಲ. ಬರಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ಬನ್ನಿ ಎಂದು ಕರೆದವರೂ ಇರಲಿಲ್ಲ. ಕರೆಯದ ಮನೆಗೆ ಹೋಗುವ ಅಭ್ಯಾಸ ಲೈನಿನವರಿಗಿಲ್ಲ.

“ಒಂದು ಭಾನುವಾರ ನಮ್ಮವರಿಗೆ ಅಂತ ಇಡಿ ಮೇಡಂ” ಎಂದು ಯಮುನಾ ಆರು ತಿಂಗಳು ಸುಮಿತಾಳ ಬೆನ್ನು ಬಿಡಲಿಲ್ಲ. ಸುಮಿತಾ ಸಂಗ್ರಹಾಲಯ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಮೊಣ್ಣಪ್ಪನವರನ್ನು ಕೇಳಿದಳು. ಮೊಣ್ಣಪ್ಪ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಸಂಗ್ರಹಾಲಯವಿದ್ದ ಹಳೆಯ ಬಂಗಲೆ ಅವರ ಸೋದರತ್ತೆಯದು. ಅತ್ತೆ ಮದುವೆಯಾಗದೆ ಅರವತ್ತು ವರ್ಷ ಅಲ್ಲೇ ಕೂತು ಚಿತ್ರ ಬರೆದು, ಸಾಯುವಾಗ ಬಂಗಲೆ, ಚಿತ್ರ ಎಲ್ಲವನ್ನೂ ಊರಿಗೆ ಬಿಟ್ಟುಹೋದಾಕೆ. ಆಕೆ ಬಿಟ್ಟುಹೋದದ್ದರಲ್ಲಿ ಒಂದು ಗಾಜಿನ ಚೂರೂ ಒಡೆಯಬಾರದೆಂಬುದು ಮೊಣ್ಣಪ್ಪನವರ ಜೀವನದ ಏಕೈಕ ಚಿಂತೆ. ಅವರು ಯಮುನಾಳನ್ನೇ ಕರೆಸಿದರು.

“ಎಲೆ ಅಡಿಕೆ ಬಾಯಲ್ಲಿ ಇರಬಾರದು. ಯಾವುದನ್ನೂ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಒಂದೇ ಕಡೆ ಗುಂಪು ಕಟ್ಟಬಾರದು. ಹಲಗೆಯ ನೆಲ, ಹಳೇದು, ಗೊತ್ತುಂಟಲ್ಲ?”

“ಗೊತ್ತುಂಟು ಸಾರ್. ನಾನೇ ಒರೆಸೋದು.”

“ಒಂದು ಭಾನುವಾರ ಕೊಡ್ತೇನೆ. ನಾನೇ ಬಂದು ಕೂತು ನೋಡ್ತೇನೆ. ಸರಿ ಹೋಯ್ತೋ, ಪ್ರತಿ ತಿಂಗಳು ಇಡುವ. ಇಲ್ಲಾಂದ್ರೆ ಈ ವಿಷಯ ಮತ್ತೆ ಎತ್ತಬಾರದು.”

ಯಮುನಾ ಹೂಂ ಎಂದು ಬಂದುಬಿಟ್ಟಳು. ಹದಿನೈದು ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದೇ ಬರೆದದ್ದು, ಅಶೋಕನನ್ನು ಊಟಕ್ಕೆ ಕೂರಿಸಿ ಅವನ ಮುಂದೆ ಒಪ್ಪಿಸಿದ್ದೇ ಒಪ್ಪಿಸಿದ್ದು. ಅವನು ಮುದ್ದೆ ನುಂಗುತ್ತ, “ಚೆನ್ನಾಗುಂಟು, ಸಾರು ಹಾಕು” ಎನ್ನುವನು. ಲೈನಿಗೆ ಹೋಗಿ ಜನ ಕೂಡಿಸುವುದು ಅದಕ್ಕಿಂತ ಕಷ್ಟವಾಯಿತು.

“ಅಲ್ಲಿ ಎಂತ ಕೊಡ್ತಾರೆ?” ಎಂದರು.

“ಕಾಫಿ, ಬನ್ನು.”

“ಕಾಫಿ ಇಲ್ಲೇ ಉಂಟಲ್ಲ, ಬೇಕಾದಷ್ಟು!” ಎಂದು ನಕ್ಕರು. ಕೊನೆಗೆ ಹೊಳೆಯಲ್ಲಿ ಮನೆ ಕಳೆದುಕೊಂಡಾಗ ಇವಳ ಪಾತ್ರೆ ಪಡಗಗಳನ್ನು ಹೊತ್ತು ತಂದಿದ್ದ, ಚಿಕ್ಕ ಎಂಬ ಮುದುಕ, “ಹುಡುಗಿ ಇಷ್ಟು ಕರೀತಾಳೆ, ಹೋಗುವ” ಎಂದ. ಇಪ್ಪತ್ತೆರಡು ಜನ ಒಪ್ಪಿದರು. ಅದರಲ್ಲಿ ಲಿಂಗಿಯೂ ಒಬ್ಬಳು. ಮಗಳು ಗುಡಿಸುವುದನ್ನು ಕಣ್ಣಾರೆ ಕಂಡು ಬರುತ್ತೇನೆಂದು ಹೊರಟವಳು ಅವಳು.

ಭಾನುವಾರ ಹತ್ತು ಗಂಟೆಗೆ ಸಿದ್ದಾಪುರದ ಬಸ್ಸಿಳಿದು ಎಲ್ಲರೂ ಬಂದರು. ಗಂಡಸರು ಇಸ್ತ್ರಿ ಮಾಡಿದ ಶರ್ಟು, ಹೆಂಗಸರು ಮದುವೆಗೆ ಉಡುವ ಸೀರೆ. ಚಪ್ಪಲಿ ಹಾಕಿಕೊಂಡೇ ಒಳಗೆ ಬರಬಹುದು ಎಂದು ಯಮುನಾ ಎಷ್ಟು ಹೇಳಿದರೂ ಕೇಳದೆ ಮೆಟ್ಟಿಲ ಕೆಳಗೇ ಬಿಟ್ಟರು. ಮೊಣ್ಣಪ್ಪ ಹಾಲಿನ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೈ ಕಟ್ಟಿ ಕೂತಿದ್ದರು. ಸುಮಿತಾ ಅವರ ಪಕ್ಕದಲ್ಲಿ ಕೂರಲೂ ಆಗದೆ ನಿಲ್ಲಲೂ ಆಗದೆ ಚಡಪಡಿಸುತ್ತಿದ್ದಳು. ಯಮುನಾಳ ತಲೆಯಲ್ಲಿದ್ದದ್ದು ಒಂದೇ, ಗುಂಪು ಕಟ್ಟಬಾರದು. ಅವಳು ಬಾಗಿಲಲ್ಲಿ ನಿಂತು, ಒಳಗೆ ಕಾಲಿಟ್ಟವರಿಗೆಲ್ಲ ಕೈ ಚಾಚಿ ಜಾಗ ತೋರಿಸತೊಡಗಿದಳು. ನೀವಲ್ಲಿ, ನೀನಿಲ್ಲಿ, ನೀವಿಬ್ಬರು ಆ ಕಡೆಯದಕ್ಕೆ. ಹತ್ತೊಂಬತ್ತು ಚಿತ್ರ, ಇಪ್ಪತ್ತೆರಡು ಜನ. ಮೂರು ಕಡೆ ಗಂಡ ಹೆಂಡತಿಯರನ್ನು ಜೋಡಿ ನಿಲ್ಲಿಸಿದಳು. ಅಷ್ಟರಲ್ಲಿ ಅವ್ವ ಹೊರಗೆ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತದ್ದು ಕಂಡಿತು. ಓಡಿ ಹೋಗಿ ನೀರು ಕುಡಿಸಿ, ಬೆನ್ನು ಸವರಿ, ಕೈ ಹಿಡಿದು ಒಳಗೆ ಕರೆತಂದು, ಕೊನೆಯ ಗೋಡೆಯ ದೊಡ್ಡ ಚಿತ್ರದ ಮುಂದೆ ನಿಲ್ಲಿಸಿದಳು. ಖಾಲಿ ಇದ್ದದ್ದು ಅದೊಂದೇ ಜಾಗ.

ಆಮೇಲೆ ನೋಟ್‌ಬುಕ್ಕು ತೆಗೆದು ಮೊದಲನೆಯ ಚಿತ್ರದ ಹತ್ತಿರ ಹೋಗಿ, “ಎಲ್ಲರಿಗೂ ನಮಸ್ಕಾರ. ನಾವೀಗ ಇಲ್ಲಿಂದ ಶುರು ಮಾಡುವ. ನಾಲ್ಕೈದು ಜನ ಈ ಕಡೆ ಬನ್ನಿ” ಎಂದಳು.

ಒಬ್ಬರೂ ಅಲುಗಲಿಲ್ಲ.

“ಬನ್ನಿ, ಇಲ್ಲಿ ಬನ್ನಿ.”

ತಿರುಗಿ ನೋಡಿದರು, ಮತ್ತೆ ತಂತಮ್ಮ ಚಿತ್ರಕ್ಕೆ ಮುಖ ಹಾಕಿ ನಿಂತರು. ಹತ್ತಿರವಿದ್ದ ಹೆಂಗಸೊಬ್ಬಳು ಪಿಸುಮಾತಿನಲ್ಲಿ, “ನಂದು ಇನ್ನೂ ಆಗ್ಲಿಲ್ಲ ಯಮುನಕ್ಕ” ಎಂದಳು.

ಏನಾಗಿದೆ ಎಂದು ಯಮುನಾಗೆ ಆ ಕ್ಷಣವೇ ತಿಳಿಯಿತು, ಅವಳೂ ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವಳಲ್ಲವೇ? ಪಿಕಿಂಗಿನಲ್ಲಿ ಬೆಳಿಗ್ಗೆ ಆಳುಗಳ ಲೆಕ್ಕ ಬರೆಯುವ ರೈಟರ್ ಹೀಗೇ ದಾರಿಯಲ್ಲಿ ನಿಂತು, ಹೀಗೇ ಕೈ ಚಾಚಿ, ಆಳಿಗೊಂದೊಂದು ಸಾಲು ಹಂಚುತ್ತಾನೆ. ಗಂಡ ಹೆಂಡತಿಯಾದರೆ ಇಬ್ಬರಿಗೂ ಕೂಡಿ ಒಂದು. ಹಂಚಿದ ಮೇಲೆ ಆ ಸಾಲು ನಿನ್ನದು. ಕೊಂಬೆಯಲ್ಲಿ ಹಣ್ಣು ಬಿಟ್ಟು ಮುಂದೆ ಹೋದರೆ ಬೈಗುಳ, ಇನ್ನೊಬ್ಬರ ಸಾಲಿಗೆ ಕೈ ಹಾಕಿದರೆ ಜಗಳ. ಇಲ್ಲಿ ಅವರಿಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಆದರೆ ಅವಳ ಕೈ ಹೇಳಿಬಿಟ್ಟಿತ್ತು. ಇಪ್ಪತ್ತೆರಡು ಜನವೂ ತಮ್ಮ ಪಾಲಿಗೆ ಬಂದ ಚಿತ್ರವನ್ನು ಕೊಂಬೆ ಕೊಂಬೆಯಾಗಿ, ಮೇಲಿನಿಂದ ಕೆಳಕ್ಕೆ, ಶ್ರದ್ಧೆಯಿಂದ ನೋಡುತ್ತಿದ್ದರು.

ಮೊಣ್ಣಪ್ಪ ಗಡಿಯಾರ ನೋಡಿಕೊಂಡರು. “ಇದು ಟೂರಾ?” ಎಂದು ಸುಮಿತಾಳನ್ನು ಕೇಳಿದ್ದು ಯಮುನಾಳ ಕಿವಿಗೂ ಬಿತ್ತು. ಭಾನುವಾರ ಕೈ ಜಾರಿತು ಎಂದೇ ಅವಳಿಗನಿಸಿತು. ತನ್ನ ಕೈಯ ಮೇಲೆ ತನಗೇ ಕೋಪ ಬಂತು. ಜೋರು ಮಾಡಿ ಕರೆದರೆ ಬಂದಾರು, ಬೈಸಿಕೊಂಡ ಮುಖ ಹೊತ್ತು ಬಂದಾರು. ಊರಿನಲ್ಲಿ ಮೊದಲ ಸಲ ಕರೆಸಿಕೊಂಡ ಮನೆಯಲ್ಲೂ ಬೈಸಿಕೊಳ್ಳಬೇಕೆ ಅವರು? ಅವಳು ನೋಟ್‌ಬುಕ್ಕು ಮಡಚಿ ಕಿಟಕಿಯ ಮೇಲಿಟ್ಟಳು. ಯಾರೂ ಬಾರದಿದ್ದರೆ ತಾನೇ ಹೋಗಬೇಕು, ಇನ್ನೇನು?

ಮೊದಲು ಚಿಕ್ಕನ ಹತ್ತಿರ ಹೋದಳು. ಅವನ ಪಾಲಿಗೆ ಬಂದದ್ದು ಹನ್ನೊಂದನೆಯದು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ. ಕೆಳಗೆ ಕಂದು, ಮೇಲೆ ಮಾಸಿದ ಬಿಳಿ, ನಡುವೆ ಅಡ್ಡಕ್ಕೆ ಒಂದು ವಕ್ರ ಗೆರೆ. ಕೀರ್ತಿಕುಮಾರ ಕೆಮ್ಮಿ ‘ಅಮೂರ್ತ’ ಎನ್ನುತ್ತಿದ್ದದ್ದು ಇದಕ್ಕೇ. ಯಮುನಾಗೆ ಮೊದಲಿನಿಂದಲೂ ಆ ಚಿತ್ರ ಕಂಡರೆ ಆಗುತ್ತಿರಲಿಲ್ಲ, ಯಾಕೆಂದು ಅವಳೂ ಯೋಚಿಸಿರಲಿಲ್ಲ.

“ಎಂತ ಕಾಣ್ತದೆ ಚಿಕ್ಕಣ್ಣ?”

“ನಿನಗೆ ಗೊತ್ತಾಗ್ಲಿಲ್ವಾ?” ಚಿಕ್ಕ ಅವಳ ಮುಖವನ್ನೇ ನೋಡಿದ. “ಹೊಳೆ ಇಳಿದ ಮೇಲಿನ ಗೋಡೆ. ಇಗೋ, ಇಲ್ಲೀವರೆಗೆ ನೀರು ನಿಂತಿತ್ತು, ಇದು ಕೆಸರಿನ ಗುರುತು. ನಿನ್ನ ಅಡುಗೆ ಕೋಣೆಯಲ್ಲೂ ಹೀಗೇ ಇತ್ತಲ್ಲ.”

ಹೌದು, ಹೀಗೇ ಇತ್ತು. ಕಿಟಕಿಗಿಂತ ಒಂದು ಗೇಣು ಮೇಲೆ. ಇಷ್ಟು ವರ್ಷ ಆ ಚಿತ್ರದ ಮುಂದೆಯೇ ಅವಳು ದಿನಾ ಬಗ್ಗಿ ಒರೆಸುತ್ತಿದ್ದಳು, ಗೈಡಾದ ಮೇಲೂ ಅದನ್ನು ನೆಟ್ಟಗೆ ನೋಡಿರಲಿಲ್ಲ. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಪಕ್ಕದ ಚಿತ್ರದ ದಂಪತಿಗಳು ತಮ್ಮ ಸಾಲು ಬಿಟ್ಟು ಒಂದು ಹೆಜ್ಜೆ ಈಚೆ ಬಂದು, “ಹೌದಲ್ಲ” ಎಂದರು.

ಆಮೇಲೆ ಅವಳು ಒಬ್ಬೊಬ್ಬರ ಹತ್ತಿರವೂ ಹೋದಳು. ಕೇಳಿದ್ದು ಅದೊಂದೇ ಪ್ರಶ್ನೆ. ಒಬ್ಬಾಕೆ ತನ್ನ ಚಿತ್ರದ ಎಮ್ಮೆಗೆ ತುಂಬು ಗರ್ಭ ಎಂದಳು. ಒಬ್ಬ, ಈ ಮನೆಯ ಒಲೆ ಉರಿದು ಎರಡು ದಿನವಾಗಿದೆ, ಹೊಗೆಯ ಕಲೆ ಹಳೆಯದು ಎಂದ. ಹೇಳಿ ಮುಗಿಸಿದವರು ತಮ್ಮ ಸಾಲು ಮುಗಿದ ನೆಮ್ಮದಿಯಲ್ಲಿ ಅವಳ ಹಿಂದೆ ಸೇರಿಕೊಂಡು ಮುಂದಿನವರ ಮಾತು ಕೇಳಲು ಬಂದರು.

ಕೊನೆಗೆ ಉಳಿದದ್ದು ಲಿಂಗಿ ಮತ್ತು ಅವಳ ದೊಡ್ಡ ಚಿತ್ರ. ಅದು ಮೊಣ್ಣಪ್ಪನವರ ಅತ್ತೆ ಬರೆದದ್ದು, ಸಂಗ್ರಹಾಲಯಕ್ಕೆ ಕಿರೀಟವಿದ್ದಂತೆ. ಕಾಫಿ ಗಿಡದ ಬುಡದಲ್ಲಿ ನಿಂತ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕೊಂಬೆ ಹಿಡಿದಿದ್ದಾಳೆ, ಕತ್ತು ಬಾಗಿದೆ, ಭುಜ ಬಿಗಿದಿದೆ, ಕಣ್ಣು ಮುಚ್ಚಿಕೊಂಡಿದ್ದಾಳೆ. ಬಂದವರೆಲ್ಲ ಅದರ ಮುಂದೆ ನಿಟ್ಟುಸಿರು ಬಿಡುವುದು ವಾಡಿಕೆ. ಶ್ರಮದ ಭಾರ, ಮೌನ ವೇದನೆ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ ಪಕ್ಕದಲ್ಲಿ ತೂಗುಬಿಟ್ಟಿದ್ದರು. ಲಿಂಗಿಗೆ ಓದು ಬಾರದು. ಅವಳು ಮಾತ್ರ ಚಿತ್ರದ ಮುಂದೆ ನಿಂತು ಮುಸಿಮುಸಿ ನಗುತ್ತಿದ್ದಳು.

ಯಮುನಾ ಮೂಲೆಯ ಕುರ್ಚಿಯ ಕಡೆ ನೋಡಿದಳು. ಮೊಣ್ಣಪ್ಪ ಅಲ್ಲೇ ಇದ್ದಾರೆ, ಅವರ ಅತ್ತೆಯ ಚಿತ್ರ.

“ಯಾಕವ್ವ ನಗ್ತೀಯ?”

“ನಗದೆ ಎಂತ ಮಾಡ್ಲಿ? ಚಗಳಿ ಕಣೇ! ಇವಳ ರವಿಕೆಯೊಳಗೆ ಚಗಳಿ ಇಳಿದಿದೆ.” ಲಿಂಗಿ ಮುಟ್ಟದೆ, ಬೆರಳನ್ನು ಗೇಣು ದೂರದಲ್ಲೇ ನಿಲ್ಲಿಸಿ ತೋರಿಸಿದಳು. ಬಾಗಿದ ಕತ್ತಿನ ಮೇಲೆ ಮೂರು ಕೆಂಪು ಚುಕ್ಕೆ. “ಇದೊಂದು, ಇದೊಂದು, ಇಗೋ ಇದು ಒಳಗೆ ಹೋಗ್ತಾ ಉಂಟು. ಮೇಲೆ ನೋಡು, ಎಲೆ ಎಲೆ ಅಂಟಿಸಿಕೊಂಡು ಗೂಡು ಕಟ್ಟಿವೆ. ಈಗ ಕೊಂಬೆ ಬಿಟ್ಟಳೋ, ಗೂಡೇ ತಲೆ ಮೇಲೆ! ಅದಕ್ಕೆ ಉಸಿರು ಬಿಗಿ ಹಿಡಿದು ನಿಂತಿದ್ದಾಳೆ. ಅಳು ಎಲ್ಲಿಯದು? ಬಯ್ತಾ ಇದ್ದಾಳೆ, ಬಾಯೊಳಗೇ. ತುಟಿ ನೋಡು.”

ಹಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಹೋ ಎಂದು ನಕ್ಕರು. ಆ ಕೆಂಪಿರುವೆ ಕಚ್ಚದ ಮೈ ಒಂದಾದರೂ ಅಲ್ಲಿ ಇತ್ತೇ? ಒಬ್ಬಳು ಭುಜ ಬಿಗಿದು, ಕತ್ತು ಬಾಗಿಸಿ, ಚಿತ್ರದಲ್ಲಿರುವಂತೆಯೇ ನಿಂತು ತೋರಿಸಿದಳು. ನಗು ಇನ್ನೂ ಜೋರಾಯಿತು. ಕುರ್ಚಿ ಸರಿದ ಸದ್ದಾಯಿತು. ಮೊಣ್ಣಪ್ಪ ಎದ್ದು ಬರುತ್ತಿದ್ದರು. ಎಲ್ಲರೂ ತಟ್ಟನೆ ದಾರಿ ಬಿಟ್ಟರು.

ಅವರು ಕನ್ನಡಕ ಏರಿಸಿಕೊಂಡು ಚುಕ್ಕೆಗಳನ್ನು ನೋಡಿದರು, ಮೇಲಿನ ಎಲೆಯ ಗಂಟನ್ನು ನೋಡಿದರು. ಮತ್ತೆ ಚುಕ್ಕೆಗಳಿಗೆ ಬಂದರು. ಸ್ವಂತ ತೋಟವಿದ್ದವರು, ಚಗಳಿ ಅವರನ್ನೂ ಬಿಟ್ಟಿರಲಿಲ್ಲ. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಬಂದವರು ಈ ಚಿತ್ರದ ಮುಂದೆ ಕಣ್ಣೀರು ಹಾಕಿದಾಗೆಲ್ಲ ಅತ್ತೆ ಒಳಗೆ ಹೋಗಿ ನಗ್ತಿದ್ದರು” ಎಂದರು ಅವರು. “ಯಾಕೆ ಅಂತ ಕೇಳಿದ್ರೆ, ತೋಟಕ್ಕೆ ಹೋಗಿ ಕೇಳು ಅನ್ನೋರು. ನಾನು ಕೇಳಲೇ ಇಲ್ಲ.” ಲಿಂಗಿಯ ಕಡೆ ತಿರುಗಿ, “ಇನ್ನೆಂತ ಉಂಟು ಇದರಲ್ಲಿ, ಹೇಳಿ ಅಮ್ಮ” ಎಂದರು.

ಅವಳು ಹೇಳಿದಳು. ಚೀಲ ಕಟ್ಟಿದ ರೀತಿ ನೋಡಿದರೆ ಇವಳು ಎಡಗೈಯವಳು ಎಂದಳು, ನೆರಳು ನೋಡಿದರೆ ಊಟದ ಹೊತ್ತು ದಾಟಿದೆ ಎಂದಳು. ಸುಮಿತಾ ಯಮುನಾಳದೇ ನೋಟ್‌ಬುಕ್ಕು ತೆಗೆದು, ಖಾಲಿ ಹಾಳೆಯಲ್ಲಿ ಅದನ್ನೆಲ್ಲ ಗೀಚಿಕೊಳ್ಳುತ್ತಿದ್ದಳು. ಬನ್ನು ತಿನ್ನುವ ಹೊತ್ತಿಗೆ ಒಂದೂವರೆಯಾಗಿತ್ತು, ಕಾಫಿಯನ್ನು ಮತ್ತೆ ಬಿಸಿ ಮಾಡಬೇಕಾಯಿತು.

ಲೋಟ ಹಿಡಿದುಕೊಂಡೇ ಮೊಣ್ಣಪ್ಪ ಯಮುನಾಳ ಹತ್ತಿರ ಬಂದರು. “ಮುಂದಿನ ತಿಂಗಳು ಎಷ್ಟು ಜನ ಕರೀತೀಯ?”

ಅವಳು ಬನ್ನಿನ ತಟ್ಟೆ ಕೆಳಗಿಟ್ಟಳು.

“ಇವತ್ತು ಮೂರು ಕಡೆ ಇಬ್ಬಿಬ್ಬರು ಅಡ್ಜಸ್ಟ್ ಮಾಡಿಕೊಂಡ್ರು. ಅದು ಸರಿಯಲ್ಲ. ಒಳಕೋಣೆಯಲ್ಲಿ ಅತ್ತೆಯ ಚಿತ್ರ ಇನ್ನೂ ಮೂವತ್ತು ಉಂಟು. ತೆಗೆಸಿ ಹಾಕುವ. ಒಬ್ಬೊಬ್ಬರಿಗೆ ಒಂದೊಂದು ಬೇಕಲ್ಲ?”

ಯಮುನಾಗೆ ಆದ ಸಂತೋಷ ಇಷ್ಟಿಷ್ಟಲ್ಲ. ಆದರೂ ಬಸ್‌ಸ್ಟ್ಯಾಂಡಿಗೆ ಎಲ್ಲರನ್ನೂ ಕರೆದುಕೊಂಡು ಹೋಗುವಾಗ ಒಂದು ಸಣ್ಣ ಕಸಿವಿಸಿ ಉಳಿದಿತ್ತು. ಅವ್ವನಿಗೆ ತಾನು ಚಿತ್ರದ ಬಗ್ಗೆ ಮಾತಾಡುವುದನ್ನು ತೋರಿಸಬೇಕೆಂದು ಹದಿನೈದು ದಿನ ಬಾಯಿಪಾಠ ಮಾಡಿದ್ದಳು, ಬಾಯಿ ಬಿಡುವ ಪ್ರಸಂಗವೇ ಬರಲಿಲ್ಲ. ಲಿಂಗಿ ದಾರಿಯುದ್ದಕ್ಕೂ ಮಾತಿಲ್ಲದೆ ನಡೆದಿದ್ದಳು. ಅದು ಅವಳ ಜಾಯಮಾನವಲ್ಲ.

“ನಾನು ಇವತ್ತು ಎಂತದೂ ಹೇಳಲೇ ಇಲ್ಲ ಅವ್ವ. ಬರೀ ಕೇಳಿದ್ದೇ ಆಯ್ತು.”

ಲಿಂಗಿ ನಿಂತಳು. “ಅರವತ್ತು ವರ್ಷ ಗಿಡದ ಬುಡದಲ್ಲೇ ಕಳೆದೆ. ಸಂಜೆಯಾದ್ರೆ ಎಷ್ಟು ಕೇಜಿ ಅಂತ ಕೇಳ್ತಿದ್ರು. ಎಂತ ಕಂಡೆ ಅಂತ ಯಾರಾದ್ರೂ ಕೇಳಿದ್ದುಂಟಾ? ಇವತ್ತೇ ಮೊದಲು. ಅದೂ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಕೇಳಿತು.” ಮತ್ತೆ ನಡೆಯತೊಡಗಿ, “ಒಳ್ಳೆ ಕೆಲಸ ಕಣೇ ನಿಂದು” ಎಂದಳು.

ಸಿದ್ದಾಪುರದ ಬಸ್ಸು ಬಂತು. ಚಿಕ್ಕ ಮೊದಲು ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದು ಲಿಂಗಿಯನ್ನು ಕೂರಿಸಿದ. ಬಸ್ಸು ಹೊರಡುವಾಗ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಜೋರಾಗಿ ಕೂಗಿದಳು.

“ಬರೋ ತಿಂಗಳು ಆ ಚಿತ್ರ ಬೇರೆಯವರಿಗೆ ಕೊಡಬೇಡ ಮತ್ತೆ! ನಂದಿನ್ನೂ ಮುಗಿದಿಲ್ಲ!”

ಯಮುನಾ ಆಯ್ತೆಂದು ತಲೆಯಾಡಿಸಿದಳು.